ಅಪ್‌ಡೇಟ್: ಸ್ನಾನದ ಮನೆಯಲ್ಲಿ ಮಗನಿಗೆ ಬರುತ್ತಿದ್ದ ಫಿಟ್ಸ್

ಒಂಬತ್ತು ವರ್ಷದ ಮಗ ತಲೆಗೆ ನೀರು ಹಾಕುವಾಗ ಮಾತ್ರ ಎತ್ತಲೋ ನೋಡುತ್ತಾ, ತುಟಿ ಚಪ್ಪರಿಸುತ್ತಾ, ಕರೆದರೂ ಓಗೊಡದೆ ಕೂರುತ್ತಾನೆ, ಎರಡು ಸಲ ಕುಸಿದು ಬಿದ್ದಿದ್ದಾನೆ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ನರರೋಗ ತಜ್ಞರನ್ನು ಕಂಡು ಬಂದೆವು.

ಇದು ಬಿಸಿನೀರಿನ ಅಪಸ್ಮಾರ, ಅಂದರೆ ಬಿಸಿನೀರಿನ ಸ್ನಾನದಿಂದ ಬರುವ ಫಿಟ್ಸ್. ವೈದ್ಯರು ಮೊದಲು ಕೇಳಿದ್ದೇ, "ನೀರು ಎಷ್ಟು ಬಿಸಿ? ಹೇಗೆ ಸುರಿಯುತ್ತೀರಿ?" ಹಂಡೆಯ ಸುಡುನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಹೊಯ್ಯುವುದು ನಮ್ಮ ಮನೆಯ ಪದ್ಧತಿ, ಎಣ್ಣೆಸ್ನಾನದ ದಿನವಂತೂ ಅತ್ತೆಯವರಿಗೆ ಹಬೆ ಕಾಣಲೇಬೇಕು! ಆ ಬಿಸಿ ಮತ್ತು ವೇಗವೇ ಕೆಲವರ ಮಿದುಳಿನಲ್ಲಿ ವಿದ್ಯುತ್ ಏರುಪೇರನ್ನು ಕೆರಳಿಸುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಇದು ಅಷ್ಟೇನೂ ಅಪರೂಪವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ಇದರ ಅಧ್ಯಯನ ನಡೆದಿದೆ. ಹಾಗಿದ್ದರೂ ಮೊದಲು ತೋರಿಸಿದ ಕಡೆ "ನಿಶ್ಶಕ್ತಿ" ಎಂದು ಟಾನಿಕ್ ಬರೆದು ಕಳಿಸಿದ್ದರು.

ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಸಹಜವಾಗಿ ಬಂತು. ಕಾಯಿಲೆಯೇ ಇಲ್ಲವೆಂದು ಹಿಗ್ಗಿದ್ದೆ. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಹಾಗೆ ಬರುವುದು ಸಾಮಾನ್ಯ, ಸ್ನಾನದ ವಿವರವೇ ಇಲ್ಲಿ ಮುಖ್ಯ ಎಂದರು ವೈದ್ಯರು.

ಈಗ ಉಗುರುಬೆಚ್ಚಗಿನ ನೀರು, ಮೈಗೆ ಮೊದಲು, ತಲೆಗೆ ಕೊನೆಯಲ್ಲಿ ನಿಧಾನವಾಗಿ. ಬಾಗಿಲಿಗೆ ಚಿಲಕವಿಲ್ಲ. ಇಷ್ಟಕ್ಕೂ ನಿಲ್ಲದಿದ್ದರೆ ಸ್ನಾನಕ್ಕೆ ಮುಂಚೆ ಫಿಟ್ಸ್ ತಡೆಯುವ ಕ್ಲೋಬಜಾಮ್ ಔಷಧಿ ಕೊಡುವ ದಾರಿಯಿದೆಯಂತೆ. ಕೆಲವರಿಗೆ ಮುಂದೆ ಸ್ನಾನವಿಲ್ಲದೆಯೂ ಬರಬಹುದಾದ್ದರಿಂದ ಮೂರು ತಿಂಗಳಿಗೆ ಮತ್ತೆ ಹೋಗಬೇಕು.

ಫಿಟ್ಸ್ ಬಂದಾಗ ಕೈಯಲ್ಲಿ ಕಬ್ಬಿಣ ಹಿಡಿಸಿ ಎಂದು ಕಳೆದ ಸಲ ಸಲಹೆ ಕೊಟ್ಟವರಿಗೆ: ಹಿಡಿಸಿಲ್ಲ. ಮೂರು ವಾರದಿಂದ ಫಿಟ್ಸ್ ಒಮ್ಮೆಯೂ ಬಂದಿಲ್ಲ. ಅತ್ತೆಯವರು ಮಾತ್ರ ಇನ್ನೂ ತಣ್ಣೀರೆಂದು ಗೊಣಗುತ್ತಿದ್ದಾರೆ.