ನಾಲ್ಕು ಕಲೆ ಕೈಯಲ್ಲಿದ್ದರೆ ದುಡಿಮೆ ಹೊಂದಿಸಿಕೊಳ್ಳುವುದು ಹೇಗೆ? ತಿಳಿದವರ ಅನುಭವ ಹಂಚಿಕೆ

ಪ್ರಶ್ನೆ (ಮೈಸೂರು)

ವಯಸ್ಸು 31, ಕಚೇರಿ ಕೆಲಸಕ್ಕೆ ಸೇರಿ ನಾಲ್ಕೂವರೆ ವರ್ಷ. ಅದರ ಜೊತೆಗೇ ಪುಸ್ತಕಗಳಿಗೆ ಮುಖಪುಟ, ಒಳಚಿತ್ರ. ಜಾಹೀರಾತು ಮತ್ತು ಆಡಿಯೊ ಪುಸ್ತಕಕ್ಕೆ ದನಿ. ಹವ್ಯಾಸಿ ತಂಡಗಳಿಗೆ ರಂಗಸಂಗೀತ. ಬಿಡುವಾದಾಗ ಮಕ್ಕಳ ಪದ್ಯ. ಕೆಲಸ ಬಿಟ್ಟು ಇವುಗಳಲ್ಲೇ ಬದುಕಬೇಕೆಂದಿದೆ. ಮನೆ ಖರ್ಚು ತಿಂಗಳಿಗೆ 35,000. "ಒಂದನ್ನು ಗಟ್ಟಿಯಾಗಿ ಹಿಡಿ, ಉಳಿದದ್ದು ಬಿಡು" ಅನ್ನುವವರೇ ಎಲ್ಲ. ಬಿಡಲೇಬೇಕಾ? ಬಿಡದೆ ನಡೆಸುವುದಾದರೆ ದರ, ಸಮಯ, ಕರಾರು, ತೆರಿಗೆ ಹೇಗೆ? ಗೊತ್ತಿರುವವರು ಲೆಕ್ಕ ಸಮೇತ ಹೇಳಿ.

ಪುಸ್ತಕ ವಿನ್ಯಾಸಕರು, ಬೆಂಗಳೂರು

ಬಿಡಬೇಡಿ. ಆದರೆ ನಾಲ್ಕಕ್ಕೂ ಒಂದೇ ಹೊರೆ ಹೊರಿಸಬೇಡಿ. ಒಂದು ಕಲೆ ಮನೆ ಖರ್ಚು ನಡೆಸಲಿ, ಒಂದೆರಡು ಅದಕ್ಕೆ ಕೈಜೋಡಿಸಲಿ, ಒಂದು ಮಾರಾಟಕ್ಕೇ ಹೋಗದಿರಲಿ. ಪ್ರತಿಯೊಂದರಿಂದಲೂ ದುಡ್ಡು, ಹೆಸರು, ನೆಮ್ಮದಿ ಮೂರೂ ಬರಬೇಕು ಅಂತ ಹೊರಟರೆ ನಾಲ್ಕೂ ಅರ್ಧಂಬರ್ಧವಾಗುತ್ತವೆ.

ಯಾವುದು ಮನೆ ನಡೆಸಬಲ್ಲದು ಎಂಬುದನ್ನು ಲೆಕ್ಕದ ಪುಸ್ತಕ ಕೇಳಿ ತೀರ್ಮಾನಿಸಿ. ಕಳೆದ 12 ತಿಂಗಳ ಪ್ರತಿ ಕೆಲಸದ ಮುಂದೆ ನಾಲ್ಕು ಕಾಲಂ ಹಾಕಿ: ಹಿಡಿದ ಗಂಟೆ (ಫೋನು, ತಿದ್ದುಪಡಿ, ಓಡಾಟ ಸೇರಿ), ಕೈಗೆ ಬಂದ ಹಣ, ಬಿಲ್ ಕೊಟ್ಟು ಎಷ್ಟು ದಿನಕ್ಕೆ ಬಂತು, ಅದೇ ಗಿರಾಕಿ ಮತ್ತೆ ಬಂದರಾ. ಗಂಟೆಗೆ ಹೆಚ್ಚು ಕೊಟ್ಟದ್ದೇ ಆಧಾರವಾಗಬೇಕೆಂದಿಲ್ಲ. ಗಿರಾಕಿ ತಿರುಗಿ ಬರುವ, 30 ದಿನದೊಳಗೆ ಹಣ ಸೇರುವ ಕೆಲಸವೇ ಆಧಾರ. ಒಂದು ಜಾಹೀರಾತಿಗೆ ದೊಡ್ಡ ಮೊತ್ತ ಬಂದು ಆಮೇಲೆ ಐದು ತಿಂಗಳು ಸದ್ದೇ ಇಲ್ಲವೆಂದರೆ ಅದು ಹಬ್ಬದೂಟ, ದಿನದ ಅನ್ನವಲ್ಲ.

ಆಧಾರ ಕಲೆಯಿಂದಲೇ ಬರಬೇಕು ಅಂತಲೂ ಇಲ್ಲ. ಗಿರೀಶ ಕಾರ್ನಾಡರು ನಾಟಕ ಬರೆಯುತ್ತಲೇ 1963ರಿಂದ 1970ರವರೆಗೆ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ದುಡಿದರು. ತೇಜಸ್ವಿಯವರ ಬರವಣಿಗೆ, ಛಾಯಾಗ್ರಹಣ, ಚಿತ್ರಕಲೆಯ ಹಿಂದೆ ಮೂಡಿಗೆರೆಯ ಕಾಫಿ ತೋಟವಿತ್ತು. ನಿಮ್ಮ ಕಚೇರಿಯವರು ವಾರಕ್ಕೆ ಮೂರು ದಿನಕ್ಕೆ ಒಪ್ಪುತ್ತಾರಾ ಅಂತ ರಾಜೀನಾಮೆಗೆ ಮೊದಲು ಕೇಳಿ ನೋಡಿ.

ಇನ್ನು ದರ. ಮನೆ ಖರ್ಚು ವರ್ಷಕ್ಕೆ 4,20,000. ಆರೋಗ್ಯ ವಿಮೆ, ಕಂಪ್ಯೂಟರ್ ಸವೆತ, ಸಾಫ್ಟ್‌ವೇರ್ ಬಾಡಿಗೆ, ತೆರಿಗೆ, ಅಲ್ಪಸ್ವಲ್ಪ ಉಳಿತಾಯಕ್ಕೆ 1,20,000 ಇಟ್ಟುಕೊಳ್ಳಿ. ಒಟ್ಟು 5,40,000. ವಾರಕ್ಕೆ ಐದು ದಿನದಂತೆ 260 ದಿನ. ಹಬ್ಬ, ಕಾಯಿಲೆ, ಊರಿಗೆ ಹೋಗಿಬರುವುದು 30 ದಿನ ಕಳೆದರೆ 230. ಇದರಲ್ಲಿ ಅರ್ಧ ಮಾತ್ರ ಬಿಲ್ ಹಾಕಬಹುದಾದ ದಿನ. ಉಳಿದರ್ಧ ಮಾತುಕತೆ, ಮಾದರಿ ತೋರಿಸುವುದು, ಬಾಕಿ ವಸೂಲಿಯಲ್ಲೇ ಹೋಗುತ್ತದೆ. 5,40,000 ಭಾಗಿಸು 115 ಅಂದರೆ ದಿನಕ್ಕೆ ಸುಮಾರು 4,700. ಎರಡೂವರೆ ದಿನ ಹಿಡಿಯುವ ಮುಖಪುಟಕ್ಕೆ 11,750.

ಸಣ್ಣ ಪ್ರಕಾಶಕರಿಗೆ ಅದು ಭಾರವಾಗುತ್ತದೆ. ಆಗ ದರ ಇಳಿಸಬೇಡಿ, ಕೆಲಸ ಇಳಿಸಿ: ಹೊಸ ಚಿತ್ರ ಬರೆಯದೆ ಅಕ್ಷರದ್ದೇ ಮುಖಪುಟ, ಒಂದೇ ಕರಡು, ಒಂದೇ ಸುತ್ತು ತಿದ್ದುಪಡಿ, ಮುಕ್ಕಾಲು ದಿನದಲ್ಲಿ ಮುಗಿಯುವಂಥದ್ದು, 3,500. ಎರಡು ಮಾದರಿಯ ಪಟ್ಟಿ ಸಿದ್ಧವಿದ್ದರೆ ಚೌಕಾಸಿಯೇ ಕಡಿಮೆ.

ದನಿ ಕಲಾವಿದರು, ಬೆಂಗಳೂರು

ಮೇಲಿನ ಲೆಕ್ಕದಲ್ಲಿ 115 ದಿನ ಅನ್ನುವುದು ಎರಡನೇ ವರ್ಷದ ಮಾತು. ಮೊದಲ ವರ್ಷಕ್ಕೆ 80 ಹಿಡಿಯಿರಿ, ದಿನಕ್ಕೆ 6,750 ಆಗುತ್ತದೆ. ಅಷ್ಟು ಸಿಗದಿದ್ದರೆ ಉಳಿತಾಯದಿಂದ ಎಷ್ಟು ತುಂಬಬೇಕಾಗುತ್ತದೆ ಎಂಬುದಾದರೂ ಮೊದಲೇ ಗೊತ್ತಿರುತ್ತದೆ.

ದನಿಯ ಕೆಲಸಕ್ಕೆ ಪದಕ್ಕಿಷ್ಟು ಅಂತ ಒಪ್ಪಬೇಡಿ. ವಿಭಕ್ತಿ, ಸಮಾಸ ಎಲ್ಲ ಸೇರಿ ನಮ್ಮ ಪದ ಉದ್ದ. ಸಾವಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 90ರಿಂದ 110 ಪದ, ಅಷ್ಟೆ. ಇಂಗ್ಲಿಷ್ ಪದದ ದರಪಟ್ಟಿಯನ್ನೇ ಕನ್ನಡಕ್ಕೂ ಹಚ್ಚಿದರೆ ನಷ್ಟ ನಿಮ್ಮದೇ. ತಯಾರಾದ ಧ್ವನಿಮುದ್ರಣದ ನಿಮಿಷಕ್ಕಿಷ್ಟು ಅಂತ ಹೇಳಿ. ಆಡಿಯೊ ಪುಸ್ತಕದ ಒಂದು ಗಂಟೆಗೆ ಓದು, ಕತ್ತರಿಸುವುದು, ತಪ್ಪು ಹುಡುಕಿ ಮತ್ತೆ ಓದುವುದು ಸೇರಿ ಹಲವು ಪಟ್ಟು ಹೊತ್ತು ಹಿಡಿಯುತ್ತದೆ.

ಕೋಣೆಗೆ ಮೊದಲು ಖರ್ಚು ಮಾಡಿ, ಮೈಕ್ ಆಮೇಲೆ. ದುಬಾರಿ ಮೈಕು ಬರಿಗೋಡೆಯ ಮಾರ್ದನಿಯನ್ನೂ ಅಷ್ಟೇ ಚೆನ್ನಾಗಿ ಹಿಡಿದುಕೊಡುತ್ತದೆ. ಬಟ್ಟೆ ತುಂಬಿದ ಬೀರುವಿನ ಎದುರು, ಬೆನ್ನ ಹಿಂದೆ ಮತ್ತು ಎರಡೂ ಪಕ್ಕ ದಪ್ಪ ಕಂಬಳಿ, ಮೈಕಿನಿಂದ ಬಾಯಿ ಒಂದು ಗೇಣು ದೂರ, ಸ್ವಲ್ಪ ಓರೆ. ಪ, ಬ, ಫ ಬಂದಾಗ ಗಾಳಿ ಬಡಿಯುವುದು ಇದರಿಂದಲೇ ಅರ್ಧ ಕಡಿಮೆಯಾಗುತ್ತದೆ. ರೆಕಾರ್ಡಿಂಗ್ ತಂತ್ರಾಂಶದಲ್ಲಿ ವಿಡಿಯೊಗೆ 48 ಕಿಲೋಹರ್ಟ್ಸ್, 24 ಬಿಟ್ ಇಡಿ. ಆಡಿಯೊ ಪುಸ್ತಕಕ್ಕೆ ಸಾಮಾನ್ಯವಾಗಿ 44.1 ಕಿಲೋಹರ್ಟ್ಸ್, ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ನಡುವೆ, ಶಿಖರ ಮೈನಸ್ 3 ದಾಟದಂತೆ, ಮೌನವಿರುವಲ್ಲಿ ಗದ್ದಲ ಮೈನಸ್ 60ಕ್ಕಿಂತ ಕೆಳಗೆ. ಈ ಮೂರರಲ್ಲಿ ತಿರಸ್ಕಾರ ಹೆಚ್ಚು ಬರುವುದು ಕೊನೆಯದಕ್ಕೆ, ಕಾರಣ ಫ್ಯಾನು ಮತ್ತು ಫ್ರಿಜ್ಜು.

ಬೆಳಗಿನ ದನಿ ತಗ್ಗಿರುತ್ತದೆ, ಸಂಜೆಗೆ ಏರುತ್ತದೆ. ತಿದ್ದುಪಡಿಯ ಸಾಲುಗಳನ್ನು ಮೂಲ ಓದಿನ ಹೊತ್ತಿಗೇ, ಮೈಕು ಅದೇ ಜಾಗದಲ್ಲಿಟ್ಟು ಓದಿ. ಇಲ್ಲವಾದರೆ ತೇಪೆ ಕಿವಿಗೆ ಬೀಳುತ್ತದೆ. ನಾಟಕದ ತಾಲೀಮು, ಪ್ರದರ್ಶನವಾದ ಮರುದಿನ ಬೆಳಿಗ್ಗೆ ದನಿ ಕೆಲಸ ಇಟ್ಟುಕೊಳ್ಳಲೇಬೇಡಿ.

ರಂಗಕರ್ಮಿ, ಧಾರವಾಡ

ಸಮಯದ ಬಗ್ಗೆ ಹೇಳತೀನಿ. ದಿನದೊಳಗ ಮೂರು ಕಲೆ ಮಾಡಬ್ಯಾಡ್ರಿ, ವಾರದೊಳಗ ಮಾಡ್ರಿ. ಚಿತ್ರದಿಂದ ಎದ್ದು ಮೈಕಿನ ಮುಂದ ಕೂತರ ಅರ್ಧ ತಾಸು ಬರೇ ಹೊಂದಿಕೊಳ್ಳೋದಕ್ಕ ಹೋಗತದ. ದಿನಕ್ಕ ನಾಲ್ಕು ಸಲ ಹಂಗಾದರ ಎರಡು ತಾಸು ನೀರಾಗ. ಸೋಮ, ಮಂಗಳ, ಬುಧ ಆಧಾರದ ಕೆಲಸ, ಗುರುವಾರ ದನಿ, ಶುಕ್ರವಾರ ಬಿಲ್ಲು, ಫೋನು, ಬಾಕಿ. ತಾಲೀಮು ಹೆಂಗೂ ಸಂಜಿ 6ರಿಂದ 9, ಒಂದು ನಾಟಕಕ್ಕ 30ರಿಂದ 45 ದಿನ. ವರ್ಷಕ್ಕ ಎರಡೇ ನಾಟಕ ಒಪ್ಪಿಕೊಳ್ರಿ. ಮೂರನೇದು ಬಂತಂದ್ರ ಸಂಗೀತ ಬ್ಯಾರೆಯವರಿಗೆ ಕೊಡಸ್ರಿ, ಪದ್ಯ ಬರಿಯೋ ಸಂಜಿ ಉಳೀತಾವ.

ಕ್ಯಾಲೆಂಡರ್ ನೋಡಿ ಹಣದ ಲೆಕ್ಕ ಹಾಕ್ರಿ. ಏಪ್ರಿಲ್, ಮೇ ಮಕ್ಕಳ ಬೇಸಿಗೆ ಶಿಬಿರ. ಹಾಡು, ಚಿತ್ರ, ಪದ್ಯ ಮೂರೂ ಬರೋರಿಗೆ ಅಲ್ಲಿ ಬಲು ಬೇಡಿಕಿ. ಒಬ್ಬರೇ ಮೂರು ತರಗತಿ ತಗೊಂಡರ ಮೂರು ತರಗತಿ ಸಂಭಾವನೆ ಕೇಳ್ರಿ, "ಒಬ್ಬರೇ ಅಲ್ಲೇನು" ಅಂದರೂ ಬಿಡಬ್ಯಾಡ್ರಿ. ನವೆಂಬರ್‌ನಾಗ ರಾಜ್ಯೋತ್ಸವದ ಕಾರ್ಯಕ್ರಮ. ಸರಕಾರಿ ಬಿಲ್ ಮಾರ್ಚ್ ಕಡೀಗೆ ಒಮ್ಮೆಲೆ ಬರತಾವ. ಆ ದುಡ್ಡು ಜೂನ್, ಜುಲೈಗೆ ಅಂತ ತೆಗೆದಿಡ್ರಿ.

ಪ್ರಶ್ನೆ ಕೇಳಿದವರು

ಇದೇ ಮಾತಿಗೆ ಇನ್ನೊಂದು. ಪ್ರಕಾಶಕರೊಬ್ಬರು ಮುಖಪುಟ, ಪುಸ್ತಕದ ಒಂದು ನಿಮಿಷದ ವಿಡಿಯೊಗೆ ದನಿ, ಅದಕ್ಕೊಂದು ಪುಟ್ಟ ರಾಗ ಮೂರನ್ನೂ ಸೇರಿಸಿ "ಒಂದೇ ಮೊತ್ತ ಹೇಳಿ" ಅಂತಿದ್ದಾರೆ.

ಪುಸ್ತಕ ವಿನ್ಯಾಸಕರು

ಬಿಲ್ಲಿನಲ್ಲಿ ಮೂರು ಸಾಲು, ಮೂರು ದರ, ಕೊನೆಯಲ್ಲಿ ರಿಯಾಯಿತಿ ಬೇಕಾದರೆ ಶೇ. 10. ಒಂದೇ ಮೊತ್ತ ಹೇಳಿದಿರೋ, ನಾಳೆ ಮುಖಪುಟ ಮಾತ್ರ ಬೇಕೆಂದಾಗ ಅವರು ಅದನ್ನು ಮೂರರಿಂದ ಭಾಗಿಸಿ ಕೇಳುತ್ತಾರೆ. ಪರಿಚಯಪತ್ರವೂ ಹಾಗೆಯೇ: ಪ್ರಕಾಶಕರಿಗೆ ಚಿತ್ರದ ಕಡತ, ಸ್ಟುಡಿಯೊಗೆ ಎರಡು ನಿಮಿಷದ ದನಿ ಮಾದರಿ. ನಾಲ್ಕನ್ನೂ ಒಂದೇ ಪುಟದಲ್ಲಿ ತುಂಬಿ ಕಳಿಸಿದರೆ ಓದುವವರಿಗೆ ನಿಮ್ಮನ್ನು ಯಾವುದಕ್ಕೆ ಕರೆಯಬೇಕೆಂದೇ ಹೊಳೆಯುವುದಿಲ್ಲ. ಉಳಿದ ಕಲೆಗಳು ಮೊದಲ ಕೆಲಸ ಒಪ್ಪಿಸಿದ ಮೇಲೆ ತಿಳಿಯಲಿ.

ಮುಖಪುಟದಲ್ಲಿ ಗಂಟೆ ಸೋರುವ ಎರಡು ತೂತು ಹೇಳುತ್ತೇನೆ, ಮುಚ್ಚಿಕೊಳ್ಳಿ. ಒಂದು, ಅಕ್ಷರ. ಲೇಖಕರು 'ನುಡಿ' ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್‌ಗೆ ಮುಂಚಿನ) ಫಾಂಟಿನಲ್ಲಿ ಕಳಿಸಿದ್ದನ್ನು ಯೂನಿಕೋಡ್ ಫಾಂಟಿಗೆ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಮೊದಲು ಪರಿವರ್ತಕದಲ್ಲಿ ಹಾಯಿಸಿ, ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಾರೆ ನೋಡಿ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಮುದ್ರಣಕ್ಕೆ ಹೋಗುವ ಮುಖಪುಟದ ಅಕ್ಷರಗಳನ್ನು ಔಟ್‌ಲೈನ್ ಮಾಡಿಯೇ (ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿಯೇ) ಕೊಡಿ. ಎರಡು, ಪುಸ್ತಕದ ಬೆನ್ನು, ಅಂದರೆ ಹಾಳೆಗಳನ್ನು ಸೇರಿಸಿ ಕಟ್ಟಿದ ಅಂಚು. 200 ಪುಟವೆಂದರೆ 100 ಹಾಳೆ. ಅದೇ ಕಾಗದದ 100 ಹಾಳೆಯನ್ನು ಮುದ್ರಕರಿಂದ ಒತ್ತಿ ಅಳೆಸಿ. ಹಾಳೆ 0.1 ಮಿಲಿಮೀಟರ್ ದಪ್ಪವಿದ್ದರೆ ಬೆನ್ನು 10 ಮಿಲಿಮೀಟರ್. ಎರಡು ಮಿಲಿಮೀಟರ್ ತಪ್ಪಿದರೂ ಬೆನ್ನಿನ ಹೆಸರು ಮುಖಪುಟದತ್ತ ಜಾರುತ್ತದೆ, ಮರುಮುದ್ರಣದ ಜಗಳ ನಿಮ್ಮ ತಲೆಗೆ. ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು), ಚಿತ್ರದ ಸ್ಪಷ್ಟತೆ 300 ಡಿಪಿಐ.

ವಕೀಲರು, ಮಂಗಳೂರು

ಕರಾರಿನ ಬಗ್ಗೆ ಯಾರೂ ಹೇಳಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಅರ್ಥ. ಆದರೆ 17ನೇ ಕಲಂ ಗಮನಿಸಿ: ಹಣ ಕೊಟ್ಟು ಹೇಳಿ ಮಾಡಿಸಿಕೊಂಡ ಫೋಟೊ, ವರ್ಣಚಿತ್ರ, ಭಾವಚಿತ್ರಗಳ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರದ್ದು. ಆದ್ದರಿಂದ ಚಿತ್ರಕ್ಕೆ ಒಂದು ಸಾಲಾದರೂ ಬೇಕು: "ಈ ಪುಸ್ತಕದ ಮುದ್ರಿತ ಮತ್ತು ಇ-ಪುಸ್ತಕ ಆವೃತ್ತಿಗಳ ಮುಖಪುಟವಾಗಿ ಬಳಸಲು ಮಾತ್ರ ಅನುಮತಿ, ಕೃತಿಸ್ವಾಮ್ಯ ಕಲಾವಿದರದ್ದು." ಇಮೇಲ್‌ನಲ್ಲಿ ಬರೆದು, ಅವರಿಂದ "ಒಪ್ಪಿಗೆ" ಎಂಬ ಉತ್ತರ ಬಂದ ಮೇಲೆಯೇ ಕುಂಚ ಹಿಡಿಯಿರಿ.

ದನಿಗೆ: ಯಾವ ಮಾಧ್ಯಮ, ಎಷ್ಟು ತಿಂಗಳು, ಮತ್ತು ಕೃತಕ ದನಿ ತಯಾರಿಕೆಗೆ ಬಳಸತಕ್ಕದ್ದಲ್ಲ ಎಂಬ ಷರತ್ತು. ರಂಗಗೀತೆಗೆ: ಇಷ್ಟು ಪ್ರದರ್ಶನಕ್ಕೆ ಅನುಮತಿ, ರಾಗದ ಹಕ್ಕು ಸಂಯೋಜಕರದ್ದು. ಅದೇ ಹಾಡು ಸಿನಿಮಾಕ್ಕೆ ಹೋದರೆ, ಚಿತ್ರಮಂದಿರದ ಹೊರಗಿನ ಬಳಕೆಯ ರಾಯಧನದ ಸಮಪಾಲನ್ನು 2012ರ ತಿದ್ದುಪಡಿ ನಿಮಗೇ ಉಳಿಸಿದೆ. ಅದನ್ನು ಬಿಟ್ಟುಕೊಡುವ ಕರಾರು ನಿಲ್ಲುವುದಿಲ್ಲ. ಮುಂಗಡ ಶೇ. 50, ಕೆಲಸ ನಡುವೆ ನಿಂತರೆ ಅದು ಹಿಂತಿರುಗದು ಎಂದೂ ಬರೆಯಿರಿ.

ತೆರಿಗೆ ಸಲಹೆಗಾರರು, ಶಿವಮೊಗ್ಗ

ಮೊದಲು ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ಪಟ್ಟಿ) ನೋಂದಣಿ ಮಾಡಿಸಿ, ಶುಲ್ಕವಿಲ್ಲ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯಂತೆ ಬರಹದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಗಿರಾಕಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೆಲಸ ಒಪ್ಪಿಸುವ ಮೊದಲೇ ನೋಂದಣಿ ಆಗಿರಲಿ, ಸಂಖ್ಯೆ ಪ್ರತಿ ಬಿಲ್ಲಿನ ಮೇಲಿರಲಿ. ಎಷ್ಟೋ ಕಂಪನಿಗಳ ಲೆಕ್ಕವಿಭಾಗ ಆ ಸಂಖ್ಯೆ ನೋಡಿಯೇ ಬಿಲ್ಲನ್ನು ಮೇಲಕ್ಕೆತ್ತುತ್ತದೆ.

ಜಿಎಸ್‌ಟಿ: ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಚಿತ್ರ, ದನಿ, ಸಂಗೀತ ಎಲ್ಲ ಒಂದೇ ಪ್ಯಾನ್ ಅಡಿ ಕೂಡಿಸಿದ ಮೊತ್ತವದು. ಪ್ರತಿ ಕಲೆಗೂ ಬೇರೆ 20 ಲಕ್ಷ ಅಂದುಕೊಳ್ಳುವುದು ತಪ್ಪು.

ಆದಾಯ ತೆರಿಗೆಯಲ್ಲಿ 44ಎಡಿಎ ಎಂದು ಹೆಸರಾದ ಅಂದಾಜು ವಿಧಾನದಲ್ಲಿ ಒಟ್ಟು ಸಂಪಾದನೆಯ ಅರ್ಧವನ್ನು ಆದಾಯವೆಂದು ತೋರಿಸಬಹುದು. ಅದು ಎಲ್ಲ ಸ್ವತಂತ್ರ ವೃತ್ತಿಯವರಿಗೂ ಇದೆ ಎಂಬ ನಂಬಿಕೆ ಸರಿಯಲ್ಲ. ಪಟ್ಟಿಯಲ್ಲಿ ಸಿನಿಮಾ ಕಲಾವಿದರ ಅಡಿ ಸಂಗೀತ ನಿರ್ದೇಶಕರು, ಗಾಯಕರು, ಗೀತರಚನಕಾರರು ಇದ್ದಾರೆ. ಪುಸ್ತಕದ ಮುಖಪುಟ ಮಾಡುವವರ ಹೆಸರಿಲ್ಲ. ನಿಮ್ಮ ಮಿಶ್ರ ಆದಾಯವನ್ನು ಯಾವುದರಡಿ ತೋರಿಸಬೇಕೆಂದು ಲೆಕ್ಕಪರಿಶೋಧಕರಿಂದ ಮೊದಲ ವರ್ಷವೇ ಬರಹದಲ್ಲಿ ಪಡೆಯಿರಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯ ಕಲಂ ಸಂಖ್ಯೆಗಳು ಅನ್ವಯ, ಹಳೆಯ ಸಂಖ್ಯೆ ಹಿಡಿದು ಹುಡುಕಿದರೆ ಗೊಂದಲವಾದೀತು. ವೃತ್ತಿ ಸಂಭಾವನೆಯಲ್ಲಿ ಕಂಪನಿಗಳು ಶೇ. 10ನ್ನು ತೆರಿಗೆಯೆಂದು (ಟಿಡಿಎಸ್) ಮೂಲದಲ್ಲೇ ಹಿಡಿಯುತ್ತವೆ: 60,000ದ ಬಿಲ್ಲಿಗೆ ಕೈಗೆ 54,000. ಹಿಡಿದ 6,000 ತೆರಿಗೆ ಇಲಾಖೆಯ ಜಾಲತಾಣದ ನಿಮ್ಮ ಖಾತೆಯಲ್ಲಿ ಬಂದಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿ.

ಮಕ್ಕಳ ಸಾಹಿತ್ಯ ಬರೆಯುವವರು, ಹಾಸನ

ಮಾರದೆ ಇಡಬೇಕಾದದ್ದು ಪದ್ಯ ಅನ್ನುವುದಾದರೆ ಅದಕ್ಕೂ ದಿನಾಂಕ ಕೊಡಿ: ವಾರಕ್ಕೆ ಎರಡು ಸಂಜೆ, ಫೋನು ಬೇರೆ ಕೋಣೆಯಲ್ಲಿ. ಗಿರಾಕಿಗೆ ಕೊಟ್ಟ ಮಾತಿನಂತೆಯೇ ಅದನ್ನೂ ಉಳಿಸಿಕೊಳ್ಳಿ. ದೊಡ್ಡ ಕೃತಿ ಕೈಗೆತ್ತಿಕೊಂಡರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನ ಅನುದಾನ, ಕೇಂದ್ರ ಸಂಸ್ಕೃತಿ ಸಚಿವಾಲಯದ ಕಿರಿಯ ಫೆಲೋಶಿಪ್ (25ರಿಂದ 40 ವಯಸ್ಸು, ತಿಂಗಳಿಗೆ 10,000, ಎರಡು ವರ್ಷ) ಇವೆ. ಪ್ರಕಟಣೆ ನೋಡಿಕೊಂಡೇ ಅರ್ಜಿ ಹಾಕಿ. ಮನೆ ಖರ್ಚಿನ ಲೆಕ್ಕದಲ್ಲಿ ಇದನ್ನು ಸೇರಿಸಬೇಡಿ.

ತೆರಿಗೆ ಸಲಹೆಗಾರರು

ಪ್ರಶ್ನೆಯಲ್ಲಿ ನಾಲ್ಕೂವರೆ ವರ್ಷ ಎಂದಿದ್ದೀರಿ. ಕಾಯಂ ನೌಕರಿಯಾದರೆ ಐದು ವರ್ಷ ತುಂಬಿದ ಮೇಲೆಯೇ ರಾಜೀನಾಮೆ ಕೊಡಿ, ಆಗ ಗ್ರಾಚ್ಯುಟಿ (ಸಲ್ಲಿಸಿದ ಸೇವೆಗೆ ಕೆಲಸ ಬಿಡುವಾಗ ಸಿಗುವ ಇಡುಗಂಟು) ಸಿಗುತ್ತದೆ. ಅದರ ಲೆಕ್ಕ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ, ಗುಣಿಸು 15, ಭಾಗಿಸು 26, ಗುಣಿಸು ವರ್ಷ. ವೇತನ, ಭತ್ಯೆ ಸೇರಿ 26,000 ಇದ್ದರೆ ಐದು ವರ್ಷಕ್ಕೆ 75,000 ಬರುತ್ತದೆ, ಮನೆಯ ಎರಡು ತಿಂಗಳ ಖರ್ಚಿಗಿಂತ ಸ್ವಲ್ಪ ಹೆಚ್ಚೇ. ಈ ಆರು ತಿಂಗಳಲ್ಲಿ ಮೇಲೆ ಹೇಳಿದ ನಾಲ್ಕು ಕಾಲಮಿನ ಲೆಕ್ಕ ಮುಗಿಸಿ, ಉದ್ಯಮ್ ನೋಂದಣಿ ಮಾಡಿಸಿ, ಮನೆಮಂದಿಗೆಲ್ಲ ಸೇರುವ ಆರೋಗ್ಯ ವಿಮೆಯನ್ನು ಸ್ವಂತ ಹೆಸರಿನಲ್ಲಿ ಕೊಳ್ಳಿ. ಮೊದಲೇ ಇರುವ ಕಾಯಿಲೆಗಳ ಕಾಯುವ ಅವಧಿ ಪಾಲಿಸಿ ಕೊಂಡ ದಿನದಿಂದ ಎಣಿಕೆಯಾಗುವುದರಿಂದ, ಕಚೇರಿಯ ವಿಮೆ ಇರುವಾಗಲೇ ಅದನ್ನು ಶುರು ಮಾಡಿಬಿಡಿ.