ಹಂಗಾಮಿ ಅಂದ್ರೆ ಹಂಗಿನ ಕೆಲಸವಾ?

ಶಿವಮೊಗ್ಗದಿಂದ ಪ್ರಶ್ನೆ: ತಂಗಿಯ ಕೆಲಸದ ಆದೇಶದಲ್ಲಿ ‘ಹಂಗಾಮಿ ನೌಕರರು’ ಅಂತಿದೆ. ಇನ್ನೊಬ್ಬರ ಹಂಗಿನಲ್ಲಿರೋದು ಅಂತ ಅಪ್ಪ ಬೇಜಾರು ಮಾಡಿಕೊಂಡಿದ್ದಾರೆ. ಈ ಪದ ಎಲ್ಲಿಂದ ಬಂತು?

ಸಾಗರದಿಂದ: ಹಂಗಿಗೂ ಇದಕ್ಕೂ ಸಂಬಂಧವೇ ಇಲ್ಲ. ಪರ್ಷಿಯನ್ ಭಾಷೆಯ ‘ಹಂಗಾಮ್’, ಅಂದ್ರೆ ಹೊತ್ತು, ಕಾಲ. ಮುಂಗಾರು ಹಂಗಾಮು ಅಂತೀವಲ್ವಾ, ಅದೇ ಪದ. ಹಂಗಾಮಿ ಅಂದ್ರೆ ಸ್ವಲ್ಪ ಕಾಲಕ್ಕೆ ಮಾತ್ರ, ತಾತ್ಕಾಲಿಕ ಅಂತ. ವಿಧಾನಸಭೆಯಲ್ಲಿ ಹೊಸ ಶಾಸಕರಿಗೆ ಪ್ರಮಾಣವಚನ ಬೋಧಿಸುವವರೂ ಹಂಗಾಮಿ ಸ್ಪೀಕರೇ, ಅಪ್ಪನಿಗೆ ಹೇಳಿ.

ತೀರ್ಥಹಳ್ಳಿಯಿಂದ: ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾದರೆ ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ರಾತ್ರಿ 11ರವರೆಗೂ ಹಸಿ ಅಡಿಕೆ ಸುಲಿಯುತ್ತಾರೆ, ಬೆರಳೆಲ್ಲ ಕಪ್ಪಾಗಿರುತ್ತವೆ, ಕೊಯ್ಲು ಮುಗಿದರೆ ಆ ಕೆಲಸವೂ ಮುಗೀತು. ಹಂಗಾಮಿ ಅಂದ ಕೂಡಲೇ ನನಗೆ ಆ ಅಂಗಳವೇ ನೆನಪಾಗೋದು.

ಪ್ರಶ್ನೆ ಕೇಳಿದವರು: ಅಪ್ಪನಿಗೆ ಓದಿ ಹೇಳಿದೆ, ಮುಖ ಸ್ವಲ್ಪ ಅರಳಿತು. ತುಂಬಾ ಥ್ಯಾಂಕ್ಸ್.