ಮನೆಯ 7.2 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಕೆಂಪು ದೀಪ, ಹೊಸದಕ್ಕೆ 52 ಸಾವಿರ ಕೇಳ್ತಿದ್ದಾರೆ: ಬದಲಿಸಲೇಬೇಕಾ?

ವಿದ್ಯಾರಣ್ಯಪುರ_ಇವಿ:
ಎಲ್ಲರಿಗೂ ನಮಸ್ಕಾರ. ಸ್ವಂತ ಮನೆ, ಪೋರ್ಟಿಕೋ ಗೋಡೆಗೆ ಎಲೆಕ್ಟ್ರಿಕ್ ಕಾರಿನ 7.2 ಕಿಲೋವ್ಯಾಟ್ ವಾಲ್ ಬಾಕ್ಸ್ (ಗೋಡೆ ಚಾರ್ಜರ್) ಇದೆ. ವಾರಂಟಿ ಮುಗಿದಿದೆ. ಮೊನ್ನೆ ಗುಡುಗು ಮಳೆ ಬಂದ ರಾತ್ರಿಯಿಂದ ಕಾರಿಗೆ ಗನ್ (ಚಾರ್ಜಿಂಗ್ ಪ್ಲಗ್) ಸಿಕ್ಕಿಸಿದರೆ ಕೆಂಪು ದೀಪ ಮಿಣುಕುತ್ತದೆ, ಚಾರ್ಜ್ ಶುರುವಾಗುವುದೇ ಇಲ್ಲ. ಸರ್ವಿಸ್‌ನವರು ಬಂದು ಮೀಟರ್ ಕೂಡ ಹಿಡಿಯದೆ "ಬೋರ್ಡ್ ಹೋಗಿದೆ, ಪೂರ್ತಿ ಬದಲಿಸಿ" ಅಂದರು. ಬಾಕ್ಸ್, ಕೇಬಲ್, ಎಂಸಿಬಿ, ಅರ್ಥಿಂಗ್, ಕೂಲಿ ಎಲ್ಲ ಸೇರಿ 52 ಸಾವಿರ. ಕಾರಿನ ಜೊತೆ ಬಂದ 15 ಆಂಪಿಯರ್ ಕೇಬಲ್ಲೂ ಕೆಲಸ ಮಾಡುತ್ತಿಲ್ಲ. ದಿನಾ ವೈಟ್‌ಫೀಲ್ಡ್‌ಗೆ ಹೋಗಿ ಬರಬೇಕು, ಬೇಗ ಏನಾದರೂ ಹೇಳಿ.

ಬನಶಂಕರಿ_ವೈರಿಂಗ್:
ದುಡ್ಡು ಕೊಡಬೇಡಿ, ಸ್ವಲ್ಪ ತಡೆಯಿರಿ. ನೀವು ಕೊನೆಗೆ ಬರೆದ 15 ಆಂಪಿಯರ್ ಕೇಬಲ್ ವಿಷಯವೇ ಇಲ್ಲಿ ಮುಖ್ಯ. ಎರಡೂ ಒಂದೇ ರಾತ್ರಿ ಕೆಟ್ಟಿರುವುದು ಕಷ್ಟ, ಎರಡಕ್ಕೂ ಸಾಮಾನ್ಯವಾಗಿ ಇರುವುದು ಮನೆಯ ಅರ್ಥಿಂಗ್ ಮತ್ತು ಕಾರು. ಗೋಡೆಯ ಬಾಕ್ಸನ್ನು ಚಾರ್ಜರ್ ಅಂತ ಕರೆದರೂ ಎಸಿಯನ್ನು ಡಿಸಿ ಮಾಡುವ ನಿಜವಾದ ಚಾರ್ಜರ್ ಕಾರಿನೊಳಗೇ ಇರುತ್ತದೆ. ಬಾಕ್ಸ್ ಮಾಡುವುದು ಇಷ್ಟೇ: ಅರ್ಥಿಂಗ್ ಸರಿ ಇದೆಯಾ ನೋಡುತ್ತದೆ, ಎಷ್ಟು ಆಂಪಿಯರ್ ಎಳೆಯಬಹುದು ಅಂತ ಕಾರಿಗೆ ತಿಳಿಸುತ್ತದೆ, ಆಮೇಲೆ ಕಾಂಟ್ಯಾಕ್ಟರ್ (ಒಳಗಿನ ದೊಡ್ಡ ಸ್ವಿಚ್) ಹಾಕಿ ಕರೆಂಟ್ ಬಿಡುತ್ತದೆ. ಅರ್ಥಿಂಗ್ ಸಿಗದಿದ್ದರೆ ಬಿಡುವುದಿಲ್ಲ, ಬಿಡಬಾರದು ಕೂಡ.

ಮೊದಲು ಹತ್ತಿರದ ಸಾರ್ವಜನಿಕ ಎಸಿ ಪಾಯಿಂಟ್‌ನಲ್ಲಿ, ಟೈಪ್ 2 ಗನ್ ಇರುವ ಕಡೆ, ಹಾಕಿ ನೋಡಿ. ಡಿಸಿ ಫಾಸ್ಟ್ ಚಾರ್ಜರ್‌ನಲ್ಲಿ ನೋಡಿದರೆ ಉಪಯೋಗವಿಲ್ಲ, ಅದು ಕಾರಿನೊಳಗಿನ ಚಾರ್ಜರನ್ನು ಬಿಟ್ಟು ನೇರವಾಗಿ ಬ್ಯಾಟರಿಗೆ ಹೋಗುತ್ತದೆ. ಆಮೇಲೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ಅಳೆಸಿ ಇಲ್ಲಿ ಹಾಕಿ.

ವಿದ್ಯಾರಣ್ಯಪುರ_ಇವಿ:
ಸರ್, ಹೊರಗಿನ ಎಸಿ ಪಾಯಿಂಟ್‌ನಲ್ಲಿ ಚಾರ್ಜ್ ಆಯಿತು. ಮನೆಯಲ್ಲಿ ಫೇಸ್-ನ್ಯೂಟ್ರಲ್ 231, ಫೇಸ್-ಅರ್ಥ್ 168, ನ್ಯೂಟ್ರಲ್-ಅರ್ಥ್ 60ರ ಆಸುಪಾಸು, ನಿಲ್ಲದೆ ಓಡಾಡುತ್ತದೆ. ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಹಾಕಿದರೆ ಈಗಲೇ ಚಾರ್ಜ್ ಆಗುತ್ತೆ ಅಂತ ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. ಹಾಕಿಸಲಾ?

ಬನಶಂಕರಿ_ವೈರಿಂಗ್:
ದಯವಿಟ್ಟು ಬೇಡ! ದೀಪ ಹಸಿರಾಗುತ್ತದೆ, ನಿಜ. ಆದರೆ ಮುಂದೆ ಎಂದಾದರೂ ಸರ್ವಿಸ್ ಲೈನ್‌ನ ನ್ಯೂಟ್ರಲ್ ಕಿತ್ತು ಹೋದರೆ ಆ ತುಂಡು ವೈರ್ ಮೂಲಕ 230 ವೋಲ್ಟ್ ಕಾರಿನ ಬಾಡಿಗೇ ಬರುತ್ತದೆ. ಬಾಗಿಲು ಮುಟ್ಟುವವರು ನಿಮ್ಮ ಮನೆಯ ಮಕ್ಕಳೂ ಆಗಬಹುದು. ಯಾರು ಎಷ್ಟು ಒತ್ತಾಯ ಮಾಡಿದರೂ ಒಪ್ಪಬೇಡಿ.

ಹೊರಗೆ ಚಾರ್ಜ್ ಆಗಿದ್ದರಿಂದ ಕಾರು ಸರಿ ಇದೆ. ನಿಮ್ಮ ಅಳತೆ ನೋಡಿದರೆ ಅರ್ಥಿಂಗ್ ಎಲ್ಲೋ ಕಡಿದಿದೆ. ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟ್ ಇದ್ದರೆ ಸರಿ, 60 ಬಂದರೆ ವೈರ್ ಗಾಳಿಯಲ್ಲಿ ನೇತಾಡುತ್ತಿದೆ ಅಂತಲೇ ಲೆಕ್ಕ. ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆಸಿ, ಪೈಪಿಗೆ ಪಟ್ಟಿ ಕಟ್ಟಿರುವ ನಟ್-ಬೋಲ್ಟ್ ನೋಡಿಸಿ. ಮನೆ ಮುಂದೆ ಇತ್ತೀಚೆಗೆ ಏನಾದರೂ ಅಗೆದಿದ್ದಾರಾ?

ವಿದ್ಯಾರಣ್ಯಪುರ_ಇವಿ:
ಹೌದು ಸರ್, ಮೋರಿ ಕೆಲಸಕ್ಕೆ ಕಾಂಪೌಂಡ್ ಪಕ್ಕ ಅಗೆದಿದ್ದರು. ಗುಂಡಿ ತೆಗೆಸಿದೆವು. ಬೋಲ್ಟ್ ತುಕ್ಕು ಹಿಡಿದು ಪುಡಿಯಾಗಿತ್ತು, ಪಟ್ಟಿ ಪೈಪಿನಿಂದ ಬಿಟ್ಟುಕೊಂಡಿತ್ತು. ಹೊಸ ಕ್ಲ್ಯಾಂಪ್, ಹೊಸ ಪಟ್ಟಿ, ಗುಂಡಿಗೆ ಇದ್ದಿಲು ಉಪ್ಪು, ಕೂಲಿ ಸೇರಿ 3,800 ಆಯಿತು. ಈಗ ನ್ಯೂಟ್ರಲ್-ಅರ್ಥ್ 1.6. ಅದೇ ಹಳೆಯ ಬಾಕ್ಸ್ 31 ಆಂಪಿಯರ್ ಎಳೆಯುತ್ತಿದೆ, ತುಂಬಾ ತುಂಬಾ ಥ್ಯಾಂಕ್ಸ್. ಮುಂದೆ ನಿಜವಾಗಿಯೂ ಬದಲಿಸಬೇಕಾದರೆ ಆ 52 ಸಾವಿರ ಸರಿಯಾದ ರೇಟಾ?

ಹೆಬ್ಬಾಳ_ಚಾರ್ಜ್:
ನಾನು ಉತ್ತರ ಕೊಡ್ತೀನಿ, ಹೋದ ವರ್ಷ ನಮ್ಮ ಮನೆಯದು ಬದಲಿಸಿದ್ದೇವೆ. ಕೊಟೇಶನ್ ಒಟ್ಟಾಗಿ ತೆಗೆದುಕೊಳ್ಳಬೇಡಿ, ಬಿಡಿಬಿಡಿಯಾಗಿ ಬರೆಸಿ. ಬಾಕ್ಸ್ ಕೆಟ್ಟರೆ ಬಾಕ್ಸ್ ಮಾತ್ರ ಬದಲಿಸಬೇಕು. 6 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಇದ್ದು, ದೂರ ಜಾಸ್ತಿ ಇಲ್ಲದೆ, ಬಿಸಿಯಾಗದೆ ಇದ್ದರೆ ಅದನ್ನು ಕೀಳುವ ಅಗತ್ಯವಿಲ್ಲ. 40 ಆಂಪಿಯರ್ ಎಂಸಿಬಿಯೂ ಹಾಗೇ, ಟರ್ಮಿನಲ್ ಕಪ್ಪಾಗಿದ್ದರೆ ಮಾತ್ರ ಬದಲಿಸಿ. ಎಷ್ಟೋ ಸಲ ಸ್ಕ್ರೂ ಸಡಿಲವಾಗಿ ಸುಟ್ಟಿರುತ್ತದೆ. ಬಾಕ್ಸ್‌ನೊಳಗೆ ಹೋಗುವುದು ಹೆಚ್ಚಾಗಿ ಕಾಂಟ್ಯಾಕ್ಟರ್ ಅಥವಾ ರಿಲೇ. ಬಿಡಿ ಕಾಂಟ್ಯಾಕ್ಟರ್ ಇರುವ ಮಾಡೆಲ್ ಆದರೆ ಅದೊಂದನ್ನೇ ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿ ನೋಡಿ, ಪೂರ್ತಿ ಬಾಕ್ಸಿಗಿಂತ ತುಂಬಾ ಕಡಿಮೆಗೆ ಮುಗಿಯುತ್ತದೆ.

ಇನ್ನೊಂದು, ಬಿಲ್‌ನಲ್ಲಿ ಜಿಎಸ್‌ಟಿ ಕಾಲಂ ನೋಡಿ. 2019ರ ಆಗಸ್ಟ್‌ನಲ್ಲಿ ಇವಿ ಚಾರ್ಜರ್‌ಗೆ 18ರಿಂದ 5 ಪರ್ಸೆಂಟಿಗೆ ಇಳಿಸಿದ್ದಾರೆ. ಬಾಕ್ಸಿಗೂ 18 ಹಾಕಿದ್ದರೆ ಯಾಕೆ ಅಂತ ಕೇಳಿ.

ಎಲ್ಲಿ ಉಳಿಸಬಾರದು ಅಂದರೆ ಆರ್‌ಸಿಸಿಬಿಯಲ್ಲಿ (ಕರೆಂಟ್ ಲೀಕ್ ಆದರೆ ಲೈನ್ ಕಡಿಯುವ ಸ್ವಿಚ್). ಅದರಲ್ಲಿ ಟೈಪ್ ಎಸಿ ಅನ್ನೋದು ಅಗ್ಗ, ಆದರೆ ಕಾರಿನಿಂದ ಡಿಸಿ ಲೀಕ್ ಆದರೆ ಅದು ಟ್ರಿಪ್ ಆಗದೇ ಹೋಗಬಹುದು. ಬಾಕ್ಸ್‌ನಲ್ಲೇ 6 ಮಿಲಿಆಂಪಿಯರ್ ಡಿಸಿ ಲೀಕೇಜ್ ಪತ್ತೆ ಮಾಡುವ ವ್ಯವಸ್ಥೆ ಇದ್ದರೆ 30 ಮಿಲಿಆಂಪಿಯರ್ ಟೈಪ್ ಎ ಸಾಕು, ಇಲ್ಲದಿದ್ದರೆ ಟೈಪ್ ಬಿ ಬೇಕು, ಅದು ದುಬಾರಿ. ಹೊಸ ಬಾಕ್ಸ್ ಕೊಳ್ಳುವಾಗ ಇದನ್ನೇ ಮೊದಲು ಕೇಳಿ. ಬೆಸ್ಕಾಂ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅಂತಲೂ ನೋಡಿಕೊಳ್ಳಿ, 3 ಕಿಲೋವ್ಯಾಟ್ ಇಟ್ಟುಕೊಂಡು 7.2 ಎಳೆಯುವುದು ಸರಿಯಲ್ಲ, ಹೆಚ್ಚಿಸಲು ಅರ್ಜಿ ಹಾಕಿ.

ಅರ್ಥಿಂಗ್ ಈಗ ಗಟ್ಟಿ ಇರುವುದರಿಂದ ಮುಂದಿನ ಗುಡುಗು ಮಳೆಗೆ ಮೊದಲು ಚಾರ್ಜರ್ ಲೈನಿಗೆ ಒಂದು ಎಸ್‌ಪಿಡಿ (ಸಿಡಿಲಿನಿಂದ ಏರುವ ವೋಲ್ಟೇಜನ್ನು ಅರ್ಥಿಂಗ್‌ಗೆ ಇಳಿಸುವ ಸಾಧನ) ಹಾಕಿಸಿ. ಅರ್ಥಿಂಗ್ ಇಲ್ಲದಿದ್ದಾಗ ಹಾಕಿಸಿದ್ದರೆ ಅದು ಸುಮ್ನೆ ದಂಡ ಆಗ್ತಿತ್ತು.